ರಾಗಿ ಪೊಟ್ಟಣದ ಮೇಲೆ ನನ್ನ ಮುಖ

"ಅಕ್ಕಾ, ಕನ್ನಡಕ ತೆಗೀರಿ. ಹಂಗೇ ವಾಚೂ ತೆಗೀರಿ," ಎಂದಳು ನನ್ನ ವಾರಗಿತ್ತಿ.

ನಗರಗೆರೆ ಹೋಬಳಿಯ ನಮ್ಮ ಹೊಲದಲ್ಲಿ ನಿಂತಿದ್ದೆವು. ರಾಗಿಯನ್ನು ಹಿಂದಿನ ವಾರವೇ ಮಿಷನ್ನಿಗೆ ಹಾಕಿ ಚೀಲ ತುಂಬಿಯಾಗಿತ್ತು. ಆದರೂ ನನ್ನ ಕೈಗೆ ಹೊಸ ಮೊರವೊಂದನ್ನು ಕೊಟ್ಟು, ಇಲ್ಲದ ಹೊಟ್ಟನ್ನು ತೂರುತ್ತಿರುವಂತೆ ನಿಲ್ಲಿಸಿದ್ದಳು. ಫೋಟೋ ತೆಗೆಯುವ ಹುಡುಗ ಬೆಂಗಳೂರಿನಿಂದ ಬಂದಿದ್ದ. ನನ್ನ ಸೀರೆ ಅವನಿಗೆ ಹಿಡಿಸಲಿಲ್ಲ. "ಸ್ವಲ್ಪ ಹಳೇದು ಇಲ್ವಾ ಆಂಟಿ? ಮಾಸಿರೋ ತರ?" ಎಂದ. ನಮ್ಮೂರಿನಲ್ಲಿ ಕೂಲಿಗೆ ಹೋಗುವವಳೂ ಫೋಟೋ ಅಂದರೆ ತಲೆ ಬಾಚಿ, ಹೂ ಮುಡಿದು, ಇರುವುದರಲ್ಲಿ ಒಳ್ಳೆಯದನ್ನು ಉಟ್ಟು ಬರುತ್ತಾಳೆ. ಮಾಸಿದ ಸೀರೆಯನ್ನು ಹುಡುಕಿಕೊಂಡು ಉಡುವ ಬಡತನ ಯಾವ ಊರಿನದೋ ನನಗೆ ಗೊತ್ತಾಗಲಿಲ್ಲ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹೊಲ ನೋಡಿಕೊಳ್ಳುವವರು ನನ್ನ ಗಂಡ. ರಜೆಯಲ್ಲಿ ನಾನೂ ಕಳೆ ಕಿತ್ತಿದ್ದೇನೆ, ಕಡಲೆಕಾಯಿ ಬಿಡಿಸಿದ್ದೇನೆ. ಅಷ್ಟರಿಂದಲೇ ನನ್ನನ್ನು ರೈತ ಮಹಿಳೆ ಎಂದರೆ ಪೂರ್ತಿ ಸುಳ್ಳೇನೂ ಆಗುವುದಿಲ್ಲ ಎಂದುಕೊಂಡು ಕನ್ನಡಕ ಬಿಚ್ಚಿದೆ. ಅದಿಲ್ಲದಿದ್ದರೆ ನನಗೆ ಎದುರಿನವರ ಮೂಗು ಎಲ್ಲಿದೆ ಎಂದು ಕಾಣುವುದಿಲ್ಲ. ಹಾಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದನ್ನು ನೋಡಿ ಹುಡುಗ, "ಸೂಪರ್ ಆಂಟಿ, ಕಣ್ಣಲ್ಲಿ ಕಷ್ಟ ಕಾಣ್ತಿದೆ," ಎಂದ.

ನನ್ನ ಮೈದುನನ ಹೆಂಡತಿಯಾದ ಈ ವಾರಗಿತ್ತಿ ಚಿಂತಾಮಣಿ ಕಡೆಯವಳು. ಮದುವೆಯಾಗಿ ಬಂದಾಗ ರಾಗಿಮುದ್ದೆ ಮುಟ್ಟುತ್ತಿರಲಿಲ್ಲ. "ಅದು ತಿಂದ್ರೆ ಕಪ್ಪಗಾಗ್ತಾರೆ ಅಕ್ಕಾ," ಎಂದು ಅನ್ನ ಬಡಿಸಿಕೊಳ್ಳುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಬೆಂಗಳೂರಿನ ಯಾವುದೋ ಶಿಬಿರಕ್ಕೆ ಹೋಗಿಬಂದು ರಾಗಿಯ ಮಹಿಮೆಯನ್ನು ನಮಗೇ ಹೇಳಿಕೊಡಲು ಶುರುಮಾಡಿದಳು. ಆಮೇಲೆ ಚಿಕ್ಕಬಳ್ಳಾಪುರದಲ್ಲಿ, ಶನಿವಾರ ಭಾನುವಾರ ಬೆಟ್ಟ ನೋಡಲು ಬರುವ ಕಾರುಗಳು ಹಾದುಹೋಗುವ ರಸ್ತೆಯಲ್ಲಿ, ಸಾವಯವ ಅಂಗಡಿ ತೆರೆದಳು. ರೈತನಿಗೆ ನ್ಯಾಯವಾದ ಬೆಲೆ ಕೊಡುತ್ತೇವೆ ಎಂದು ಸಾರುವುದಕ್ಕೆ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ 'ನ್ಯಾಯಬೆಲೆ ಅಂಗಡಿ' ಎಂದು ಬರೆಸಿದಳು. ಮಾರನೆಯ ದಿನದಿಂದ ಅಕ್ಕಪಕ್ಕದ ಬೀದಿಯವರೆಲ್ಲ ರೇಷನ್ ಕಾರ್ಡು, ಚೀಲ ಹಿಡಿದು ಬರತೊಡಗಿದರು. "ಅಕ್ಕಿ ಯಾವಾಗ ಬತ್ತದಮ್ಮ?" ಎಂದು ಕೇಳಿದ ಮುದುಕಿಯೊಬ್ಬಳನ್ನು ಗದರಿಸಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ವಾರದೊಳಗೆ ಬೋರ್ಡು ಇಂಗ್ಲಿಷಿಗೆ ತಿರುಗಿತು. ಮುದುಕಿಯರ ಕಾಟ ತಪ್ಪಿತು.

ನಮ್ಮ ಬಾವಿಯ ಹತ್ತಿರದ ತುಂಡು ಹೊಲಕ್ಕೆ ನನ್ನ ಗಂಡ ಕೊಟ್ಟಿಗೆ ಗೊಬ್ಬರ ಬಿಟ್ಟು ಬೇರೇನೂ ಹಾಕುವುದಿಲ್ಲ. ಮೇಲಿನ ಹೊಲಕ್ಕೆ ಯೂರಿಯಾ ಹಾಕುತ್ತಾರೆ. ಇದು ವಾರಗಿತ್ತಿಗೆ ಗೊತ್ತಿತ್ತು. ಆದ್ದರಿಂದ ಬಾವಿ ಹತ್ತಿರದ ರಾಗಿಯನ್ನಷ್ಟೇ ಅವಳಿಗೆ ಕೊಟ್ಟೆವು. ಅದು ಯುಗಾದಿಗೇ ಮುಗಿದುಹೋಯಿತು. ನನ್ನ ಮುಖವಿದ್ದ ಪೊಟ್ಟಣಗಳು ಮಾತ್ರ ಶ್ರಾವಣ ಕಳೆದರೂ ಮುಗಿಯಲಿಲ್ಲ.

ಆ ಪೊಟ್ಟಣ ನನ್ನ ಶಾಲೆಗೇ ಬಂತು. ನಮ್ಮ ವಿಜ್ಞಾನದ ಮೇಷ್ಟ್ರು ಬೆಟ್ಟಕ್ಕೆ ಹೋಗಿದ್ದವರು ಕೊಂಡು ತಂದು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟರು. "ಮೇಡಂ, ಇದು ನೀವಲ್ವಾ?" ಎಂದು ಹಿಂಬದಿಯಲ್ಲಿದ್ದ ಇಂಗ್ಲಿಷನ್ನು ಜೋರಾಗಿ ಓದಿದರು. ಈ ತಾಯಿಗೆ ಓದು ಬರಹ ಬಾರದು, ಆದರೆ ಮಣ್ಣಿನ ಭಾಷೆ ಬರುತ್ತದೆ. ನೀವು ಕೊಂಡ ಒಂದೊಂದು ಪೊಟ್ಟಣವೂ ಅವಳ ಒಲೆಯನ್ನು ಉರಿಸುತ್ತದೆ. ಇದು ಅದರ ಸಾರ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಹತ್ತನೇ ತರಗತಿಗೆ ಹೋಗಿ ವರ್ಗ ಸಮೀಕರಣ ಹೇಳುತ್ತಿರುವಾಗ ಮೈಯೆಲ್ಲ ಉರಿಯಿತು. ಎಸ್ಸೆಸ್ಸೆಲ್ಸಿಗೇ ನಿಲ್ಲಿಸು ಎಂದವರ ಹತ್ತಿರ ಜಗಳವಾಡಿ ಓದಿದವಳು ನಾನು. ಒಂದು ಪೊಟ್ಟಣ ಹಿಟ್ಟಿಗಾಗಿ ಅದನ್ನೆಲ್ಲ ವಾರಗಿತ್ತಿ ಒರೆಸಿಹಾಕಿದ್ದಳು.

ಸಂಜೆ ಅವಳಿಗೆ ಫೋನು ಮಾಡಿದೆ.

"ಅದು ಮಾರ್ಕೆಟಿಂಗು ಅಕ್ಕಾ. ಟೀಚರ್ ಅಂತ ಹಾಕಿದ್ರೆ ಯಾರು ತಗೋತಾರೆ? ನಮ್ ಕಸ್ಟಮರ್ಸ್‌ಗೆ ಕನೆಕ್ಟ್ ಆಗಲ್ಲ," ಎಂದಳು. ಅದೇ ಉಸಿರಿನಲ್ಲಿ, "ದೀಪಾವಳಿ ಆದ್ಮೇಲೆ ಒಂದ್ ಭಾನುವಾರ ಅವ್ರನ್ನೆಲ್ಲ ಹೊಲಕ್ಕೆ ಕರ್ಕೊಂಡ್ ಬರ್ತೀನಿ. ನಿಮ್ಮನ್ನ ನೋಡ್ಬೇಕಂತೆ. ನೀವು ಸುಮ್ನೆ ನಗ್ತಾ ಇರಿ ಸಾಕು, ಮಾತಾಡೋದು ನಾನು ನೋಡ್ಕೋತೀನಿ," ಎಂದಳು.

ನಾನು ಬೈಯಲಿದ್ದೆ. ನನ್ನ ಗಂಡ ಸನ್ನೆ ಮಾಡಿದರು. ಜಗಳವೆಂದರೆ ಅವರಿಗೆ ಆಗದು. "ತಮ್ಮನ ಸಂಸಾರ, ಬಿಡು. ಒಂದು ದಿನ ಬಂದು ಹೋಗ್ತಾರೆ," ಎಂದರು. ಪೊಟ್ಟಣದಲ್ಲಿ ಏನು ಬರೆದಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಆ ಭಾನುವಾರ ಕಾರುಗಳು ಸಾಲಾಗಿ ಬಂದವು. ಪ್ರತಿ ಕಾರಿನಲ್ಲೂ ಒಬ್ಬರೋ ಇಬ್ಬರೋ. ಭೂಮಿಯನ್ನು ಉಳಿಸುವ ಮಾತಾಡುತ್ತ ಇಳಿದರು; ಕಾರಿನ ಎಂಜಿನ್ ಆರಿಸದೆ ಡ್ರೈವರುಗಳು ಒಳಗೇ ತಣ್ಣಗೆ ಕೂತಿದ್ದರು. ರಾಗಿ ತೆನೆ ಬಲಿತಿತ್ತು, ನಡುವಿನ ಸಾಲಿನಲ್ಲಿ ಅವರೆ ಹೂ ಬಿಟ್ಟಿತ್ತು. ಒಬ್ಬರು ಫೋಟೋಗಾಗಿ ಸಾಲಿನ ಮೇಲೇ ನಡೆದುಹೋದರು. ನನ್ನ ಗಂಡ, "ಪಕ್ಕದಲ್ಲಿ ಬನ್ನಿ ಸ್ವಾಮಿ," ಎಂದದ್ದು ಅವರಿಗೆ ಕೇಳಿಸಲಿಲ್ಲ.

ಖಾದಿ ಉಟ್ಟ ಒಬ್ಬ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡು, ಬಾಯಿಪಾಠ ಮಾಡಿಕೊಂಡು ಬಂದ ಒಂದು ಸಾಲು ಕನ್ನಡವನ್ನು ಕಿವುಡರ ಹತ್ತಿರ ಮಾತಾಡುವಂತೆ ಬಿಡಿಬಿಡಿಯಾಗಿ, "ಅಮ್ಮಾ... ನೀವು... ಖುಷಿಯಾಗಿ... ಇದೀರಾ?" ಎಂದರು.

"ಅವರೆ ಚೆನ್ನಾಗಿ ಹೂ ಬಿಟ್ಟಿದೆ. ಸೊಗಡು ಬರೋಕೆ ಇನ್ನೂ ಚಳಿ ಬೀಳಬೇಕು," ಎಂದೆ.

ವಾರಗಿತ್ತಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು: ಮೊದಲು ನಮ್ಮ ಮನೆಯಲ್ಲಿ ಒಂದು ಹೊತ್ತಿನ ಊಟಕ್ಕೂ ಕಷ್ಟವಿತ್ತು, ನಿಮ್ಮಿಂದ ಬದುಕು ಚಿಗುರಿತು ಅಂತಿದ್ದಾರೆ. ಖಾದಿಯವರ ಕಣ್ಣು ತುಂಬಿತು.

ನಾನು ಬ್ಯಾಗಿನಿಂದ ಕನ್ನಡಕ ತೆಗೆದು ಹಾಕಿಕೊಂಡೆ. ನಾನು ಹೇಳಿದ್ದು ಅವರೆಯ ವಿಷಯ, ನಮ್ಮ ಮನೆಯಲ್ಲಿ ಊಟಕ್ಕೆ ಯಾವತ್ತೂ ಕೊರತೆ ಇರಲಿಲ್ಲ, ನಾನು ಗಣಿತದ ಟೀಚರು, ಪೊಟ್ಟಣದಲ್ಲಿ ಬರೆದದ್ದು ಸುಳ್ಳು. ಇಷ್ಟನ್ನೂ ಇಂಗ್ಲಿಷಿನಲ್ಲೇ ಹೇಳಿದೆ. ವಾರಗಿತ್ತಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ ದೇವುಡಾ," ಎಂದಳು ಮೆಲ್ಲಗೆ, ತವರಿನ ತೆಲುಗಿನಲ್ಲಿ.

ಈ ಜನಕ್ಕೆ ಒಂದಿಷ್ಟಾದರೂ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಖಾದಿಯವರು, "ವಾವ್! ಇದು ಇನ್ನೂ ಇನ್‌ಸ್ಪೈರಿಂಗ್!" ಎಂದು ನನ್ನನ್ನು ತಬ್ಬಿಕೊಂಡು ಇನ್ನೊಂದು ಫೋಟೋ ತೆಗೆಸಿಕೊಂಡರು.

ಅವರಲ್ಲಿ ಒಬ್ಬನೇ ಒಬ್ಬ ನೆಟ್ಟಗೆ ಪ್ರಶ್ನೆ ಕೇಳಿದ. "ಯೂರಿಯಾ ಹಾಕ್ತೀರಾ ಮೇಡಂ?"

"ಮೇಲಿನ ಹೊಲಕ್ಕೆ ಹಾಕ್ತೀವಿ. ಈ ತುಂಡಿಗಿಲ್ಲ. ಇಲ್ಲಿನ ರಾಗಿ ಯುಗಾದಿಗೇ ಮುಗೀತು. ನೀವೀಗ ತಿಂತಿರೋದು ಎಲ್ಲಿದು ಅಂತ ಇವಳನ್ನ ಕೇಳಿ."

"ಅದು ನಮ್ಮ ರೈತ ಸಹೋದರಿಯರ ನೆಟ್‌ವರ್ಕ್‌ದು ಸರ್," ಎಂದಳು ವಾರಗಿತ್ತಿ, ತಡವರಿಸದೆ.

"ಓ, ನೆಟ್‌ವರ್ಕ್," ಎಂದ ಅವನು. ಅಷ್ಟಕ್ಕೇ ಸಮಾಧಾನವಾಯಿತು. ಹೋಗುವಾಗ ಎಲ್ಲರೂ ಅವಳ ಕಾರಿನ ಡಿಕ್ಕಿಯಿಂದ ಪೊಟ್ಟಣ ಕೊಂಡರು, ಅವನೂ ಕೊಂಡ. ಸುಳ್ಳು ಹೇಳಿದವಳಿಗಿಂತ, ಅದನ್ನು ಕಾಸು ಕೊಟ್ಟು ಬೇಡಿ ಪಡೆಯುವ ಈ ಗಿರಾಕಿಗಳ ಮೇಲೆ ನನಗೆ ಹೆಚ್ಚು ಅಸಹ್ಯ ಹುಟ್ಟಿತು. ಅವರಿಗೆ ರಾಗಿ ಬೇಕಿರಲಿಲ್ಲ. ತಾವು ಒಳ್ಳೆಯವರು ಎಂದು ಹೇಳುವ ಚೀಟಿ ಬೇಕಿತ್ತು.

ಕಾರುಗಳು ಹೋದ ಮೇಲೆ ವಾರಗಿತ್ತಿ ಅತ್ತಳು. "ನನ್ ಮಾನ ಕಳೆದ್ರಲ್ಲ ಅಕ್ಕಾ. ಸ್ವಂತದವರೇ ಹಿಂಗ್ ಮಾಡಿದ್ರೆ ಹೆಂಗೆ?"

ಅಷ್ಟು ಹೊತ್ತೂ ತುಳಿದ ಅವರೆ ಗಿಡಗಳನ್ನು ಎತ್ತಿ ನಿಲ್ಲಿಸುತ್ತಿದ್ದ ನನ್ನ ಗಂಡ ಹತ್ತಿರ ಬಂದರು. "ಪೊಟ್ಟಣದಲ್ಲಿ ಏನು ಬರೆಸಿದಾಳೆ?" ಎಂದು ನನ್ನನ್ನು ಕೇಳಿದರು. ಕನ್ನಡದಲ್ಲಿ ಹೇಳಿದೆ. ಇನ್ನೊಂದು ಸಲ ಹೇಳು ಎಂದರು. ಹೇಳಿದೆ.

ಆಮೇಲೆ ವಾರಗಿತ್ತಿಯ ಕಡೆ ತಿರುಗಿ, "ನಮ್ಮಪ್ಪ ಊರೆಲ್ಲಾ ಹೇಳ್ಕೊಂಡು ತಿರುಗಿದ್ರು ಕಣಮ್ಮ, ಮೇಷ್ಟ್ರಮ್ಮ ಸೊಸೆಯಾಗಿ ಬರ್ತಾಳೆ ಅಂತ. ನೀನು ಅವಳಿಗೆ ಓದಕ್ಕೆ ಬರಲ್ಲ ಅಂತ ಅಚ್ಚು ಹಾಕ್ಸಿದೀಯ," ಎಂದರು. ದನಿ ಏರಲಿಲ್ಲ. "ಅವಳ ಮುಖ ತೆಗೆಸಿಬಿಡು. ಈ ಸಲ ರಾಗಿ ಕೊಡಲ್ಲ."

ಅವರು ಯಾರಿಗೂ ಇಲ್ಲವೆಂದದ್ದನ್ನು ನಾನು ಕೇಳಿರಲಿಲ್ಲ. ವಾರಗಿತ್ತಿಯೂ ಕೇಳಿರಲಿಲ್ಲವೆಂದು ಕಾಣುತ್ತದೆ. ಅಳು ನಿಲ್ಲಿಸಿ ಕಾರು ಹತ್ತಿದಳು.

ಪೊಟ್ಟಣದ ಮೇಲೆ ಈಗ ಬೇರೊಬ್ಬ ಮುದುಕಿ ಇದ್ದಾಳೆ. ಯಾರೋ ಗೊತ್ತಿಲ್ಲ, ಬಾಯಲ್ಲಿ ಹಲ್ಲಿಲ್ಲದ ಒಳ್ಳೆಯ ನಗು. ಅಂಗಡಿ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದೆಯಂತೆ. ನಮ್ಮ ಬಾವಿ ಹತ್ತಿರದ ರಾಗಿಯನ್ನು ಶಾಲೆಯ ಮೇಷ್ಟ್ರುಗಳೇ ಹಂಚಿಕೊಂಡರು.

ಸಂಕ್ರಾಂತಿಗೆ ಮೈದುನನ ಸಂಸಾರ ಊರಿಗೆ ಬಂತು. ಹಿತಕವರೆ ಸಾರು ಮಾಡಿದ್ದೆ. ವಾರಗಿತ್ತಿ ಕೂತು ಎರಡು ಮುದ್ದೆ ಉಂಡಳು, ಸಾರಿಗೆ ಮತ್ತೆ ತಟ್ಟೆ ಚಾಚಿದಳು. ಅದು ಮೇಲಿನ ಹೊಲದ ರಾಗಿ, ಮೇಲಿನ ಹೊಲದ ಅವರೆ. ಅವಳು ಕೇಳಲಿಲ್ಲ. ನಾನು ಬಡಿಸಿದೆ.