ಎರಡನೆಯ ಮತ ಕೇಳುತ್ತ ಹೋದ ತಿಂಗಳು

ನಮ್ಮ ಕ್ಷೇತ್ರದ ಸಂಸದರು ಮುಂದಿನ ಚುನಾವಣೆಗೆ ತಾವು ನಿಲ್ಲುವುದಿಲ್ಲ ಎಂದು ಹೇಳಿದ ವಾರವೇ, ಅವರ ಜಾಗಕ್ಕೆ ಪಕ್ಷದ ಅಭ್ಯರ್ಥಿಯಾಗಲು ನಾನು ಅರ್ಜಿ ಹಾಕಿದೆ. ಆಗ ನನಗೆ ಐವತ್ತೊಂದು ವರ್ಷ. ಇಂಗ್ಲೆಂಡಿನ ಬರ್ಚ್‌ವುಡ್‌ನ ಒಂದು ಕಚೇರಿಯಲ್ಲಿ ಎಂಜಿನಿಯರ್. ಅಣುಸ್ಥಾವರದಲ್ಲಿ ಏನೇನು ಕೆಡಬಹುದು, ಕೆಟ್ಟರೆ ಏನು ಮಾಡಬೇಕು ಎಂದು ಮೊದಲೇ ಯೋಚಿಸಿ ಬರೆದಿಡುವುದು ನನ್ನ ಕೆಲಸ. ಹದಿನೈದು ವರ್ಷದಿಂದ ಇಲ್ಲಿನ ಬಲಪಂಥದ, ನೀಲಿ ಬಣ್ಣದ ಪಕ್ಷದ ಸದಸ್ಯೆ. ಕರಪತ್ರ ಹಂಚಿದ್ದೆ, ಸಭೆಗಳಿಗೆ ಕುರ್ಚಿ ಜೋಡಿಸಿದ್ದೆ, ಮಳೆಯಲ್ಲಿ ಮನೆಮನೆ ಬಾಗಿಲು ತಟ್ಟಿದ್ದೆ. ಅದೆಲ್ಲ ಬೇರೆಯವರಿಗಾಗಿ. ನನ್ನ ಹೆಸರಿಗೆ ಮತ ಕೇಳಿದವಳಲ್ಲ, ಕೌನ್ಸಿಲ್ ಚುನಾವಣೆಗೂ ನಿಂತವಳಲ್ಲ.

ಬೆಳಗಿನ ತಿಂಡಿಯ ಹೊತ್ತಿಗೆ ಗಂಡನಿಗೆ ಹೇಳಿದೆ. ಅವರು ಮೈಸೂರಿನವರು, ಹತ್ತಿರದ ಊರಿನಲ್ಲಿ ಜಿಪಿ, ಅಂದರೆ ಕುಟುಂಬ ವೈದ್ಯರು. ದೋಸೆ ಮಡಿಸುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಹೆಸರಿಗೆ ನಿಲ್ಲೋದೋ, ಗೆಲ್ಲೋಕೆ ನಿಲ್ಲೋದೋ?"

"ಗೆಲ್ಲೋಕೇ ರೀ."

"ಹಾಗಾದ್ರೆ ಶನಿವಾರದ ಡ್ಯೂಟಿ ಬದಲಾಯಿಸ್ಕೋತೀನಿ. ಕಾರು ನಾನು ಓಡಿಸ್ತೀನಿ, ನೀನು ಮಾತಾಡೋದು ನೋಡ್ಕೋ."

ಅರ್ಜಿ ಹಾಕಿದವರು ಮೂವತ್ತಕ್ಕೂ ಹೆಚ್ಚು ಮಂದಿ. ಅವರಲ್ಲಿ ಒಂಬತ್ತು ಜನರನ್ನು ಸಂದರ್ಶನಕ್ಕೆ ಕರೆದರು. ಸ್ಥಳೀಯ ಘಟಕದ ಅಧ್ಯಕ್ಷೆ ಹಿಂದೆ ಸಸಿಗಳ ನರ್ಸರಿ ನಡೆಸುತ್ತಿದ್ದ ಎತ್ತರದ ಹೆಂಗಸು. ಅವರೂ ಇನ್ನಿಬ್ಬರೂ ಮೇಜಿನಾಚೆ ಕುಳಿತಿದ್ದರು. ನಾನು ಎರಡು ವಾರ ಕನ್ನಡಿಯ ಮುಂದೆ ನಿಂತು ಉರುಹೊಡೆದ ಭಾಷಣವನ್ನು ಒಂದಕ್ಷರ ತಪ್ಪದಂತೆ ಒಪ್ಪಿಸಿದೆ. ಮುಗಿದ ಮೇಲೆ ಅಧ್ಯಕ್ಷೆ ನಯವಾಗಿ ಹೇಳಿದರು: "ತುಂಬ ಚೆನ್ನಾಗಿತ್ತು. ಈಗ ನಿಮ್ಮ ಮಾತಿನಲ್ಲಿ ಹೇಳಿ. ನಮ್ಮ ಪಕ್ಷವೇ ಯಾಕೆ?"

ನನ್ನ ಬಾಯಿಪಾಠ ಅವರಿಗೆ ತಿಳಿದುಹೋಗಿತ್ತು. ಇನ್ನು ಮುಚ್ಚಿಡುವುದೇನು ಎಂದು ನಾನೂ ನಕ್ಕುಬಿಟ್ಟೆ. "ನನ್ನ ಕೆಲಸದಲ್ಲಿ ಒಂದು ವಾಲ್ವ್ ಬಿಚ್ಚಬೇಕಾದರೂ ಮೊದಲು ಹಳೆಯ ಫೈಲು ತೆಗೆಯುತ್ತೇವೆ. ಇದನ್ನು ಯಾರು ಹಾಕಿದರು, ಯಾಕೆ ಹಾಕಿದರು ಎಂದು ಓದುತ್ತೇವೆ. ಗೊತ್ತಾಗುವ ತನಕ ಮುಟ್ಟುವುದಿಲ್ಲ. ದೇಶದ ವಿಷಯದಲ್ಲೂ ನನ್ನ ಬುದ್ಧಿ ಹಾಗೆಯೇ ಓಡುತ್ತದೆ," ಎಂದೆ. ಅಧ್ಯಕ್ಷೆಯ ಪಕ್ಕದಲ್ಲಿದ್ದ ಮುದುಕರೊಬ್ಬರು ಪೆನ್ನು ಎತ್ತಿ ಏನೋ ಬರೆದುಕೊಂಡರು. ಮೂರು ದಿನಕ್ಕೆ ಫೋನ್ ಬಂತು. ಕೊನೆಯ ಐವರಲ್ಲಿ ನಾನೂ ಇದ್ದೆ.

ಮಿಕ್ಕ ನಾಲ್ವರೂ ಪಳಗಿದವರು. ಇಬ್ಬರು ಕೌನ್ಸಿಲರ್‌ಗಳು, ಒಬ್ಬರು ನಿವೃತ್ತ ಸೇನಾಧಿಕಾರಿ, ಮತ್ತೊಬ್ಬ ಲಂಡನ್ನಿನ ಯುವ ವಕೀಲ. ಗೆಲ್ಲುವುದು ವಕೀಲನೇ ಎಂದು ಎಲ್ಲರೂ ಹೇಳುತ್ತಿದ್ದರು. ಒಂದು ತಿಂಗಳ ನಂತರ, ಶನಿವಾರ ಮಧ್ಯಾಹ್ನ, ಅಭ್ಯರ್ಥಿಯನ್ನು ಆರಿಸಲು ಪಕ್ಷದ ಸ್ಥಳೀಯ ಸದಸ್ಯರ ಸಭೆ. ಅಲ್ಲಿ ಸುತ್ತು ಸುತ್ತಾಗಿ ಮತದಾನ. ಪ್ರತಿ ಸುತ್ತಿನಲ್ಲಿ ಎಲ್ಲರಿಗಿಂತ ಕಡಿಮೆ ಮತ ಬಂದವರು ಹೊರಗೆ. ಯಾರಿಗಾದರೂ ಅರ್ಧಕ್ಕಿಂತ ಹೆಚ್ಚು ಮತ ಬರುವವರೆಗೆ ಉಳಿದವರಿಗೆ ಮತ್ತೆ ಮತ.

ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬ ಅಕ್ಕ ಇದ್ದಾರೆ. ಒಡಹುಟ್ಟಿದವರಲ್ಲ, ನನ್ನ ಹಾಗೆ ಧಾರವಾಡದ ಕಡೆಯವರು, ಮ್ಯಾಂಚೆಸ್ಟರಿನ ಆಸ್ಪತ್ರೆಯಿಂದ ನಿವೃತ್ತರಾದ ಡಾಕ್ಟರು. ಜೀವನಪೂರ್ತಿ ನಮ್ಮ ಎದುರು ಪಕ್ಷಕ್ಕೇ ಮತ ಹಾಕಿದವರು. ಆದರೂ ಸಂಗತಿ ತಿಳಿದ ದಿನವೇ ಮನೆಗೆ ಬಂದರು. ಚಹಾ ಕೈಗೆ ತೆಗೆದುಕೊಂಡವರೇ ಶುರು ಮಾಡಿದರು.

"ಆ ಪಕ್ಷದಾಗ ನೀ ಏನ್ ಕಂಡೀಯೋ ನನಗ ತಿಳಿಯಂಗಿಲ್ಲ. ಇರಲಿ. ನಿಂತೀ ಅಂದಮ್ಯಾಲ ಛಂದಾಗಿ ನಿಲ್ಲು. ನಾನು ವಿರೋಧಿ ಆಗಿ ಪ್ರಶ್ನೆ ಕೇಳ್ತೀನಿ, ನೀ ಉತ್ತರ ಕೊಡು."

ಅಡುಗೆಮನೆಯ ಮೇಜಿನ ಆಚೆ ಕುಳಿತು ಒಂದಾದ ಮೇಲೊಂದು ಪ್ರಶ್ನೆ ಎಸೆದರು. ಆಸ್ಪತ್ರೆಯ ಕಾಯುವ ಪಟ್ಟಿ, ಕೌನ್ಸಿಲ್ ಟ್ಯಾಕ್ಸ್, ಹೊಲದಲ್ಲಿ ಕಟ್ಟುತ್ತಿರುವ ಹೊಸ ಮನೆಗಳು. ನಾನು ಸುತ್ತಿ ಬಳಸಿ ಮಾತಾಡಿದಾಗಲೆಲ್ಲ ಚಮಚದಿಂದ ಮೇಜು ಕುಟ್ಟಿದರು. ಎ-ಲೆವೆಲ್, ಅಂದರೆ ನಮ್ಮ ಪಿಯುಸಿ, ಓದುತ್ತಿದ್ದ ಮಗಳು ಬಾಗಿಲಲ್ಲಿ ನಿಂತು ಕೇಳಿ, "ಅಮ್ಮಾ, ಟೂ ಮೆನಿ ಬಿಗ್ ವರ್ಡ್ಸ್," ಎಂದು ಹೇಳಿ ಹೋದಳು.

ಹೊರಡುವಾಗ ಅಕ್ಕ ಕೋಟು ಹಾಕಿಕೊಳ್ಳುತ್ತ ಕೇಳಿದರು, "ಮಂದಿ ಮನಿಗೆ ಹೋಗಿ ಏನಂತ ಕೇಳ್ತೀ?"

"ನನಗ ಓಟ್ ಹಾಕ್ರಿ ಅಂತ."

"ಅರ್ಧಾ ಮಂದಿ ಈಗಾಗಲೇ ಆ ವಕೀಲ್ಗೋ, ತಮ್ಮ ಕೌನ್ಸಿಲರ್‌ಗೋ ಮಾತು ಕೊಟ್ಟಿರ್ತಾರ. ಅವ್ರ ಮಾತು ಮುರಸಬ್ಯಾಡ. 'ನಿಮ್ಮವರು ಹೊರಗ ಬಿದ್ರ ಆಮ್ಯಾಲೆ ನನ್ನ ನೆನಸ್ಕೋರಿ' ಅನ್ನು. ಅಷ್ಟ ಕೇಳು."

ಅದನ್ನೇ ಮಾಡಿದೆ. ನಾಲ್ಕು ವಾರಾಂತ್ಯ ಗಂಡ ಕಾರು ಓಡಿಸಿದರು, ನಾನು ಸದಸ್ಯರ ಪಟ್ಟಿ ಹಿಡಿದು ಪೋಸ್ಟ್‌ಕೋಡ್ ಹುಡುಕಿದೆ. ಹಡಗುಗಳು ಓಡಾಡುವ ದೊಡ್ಡ ಕಾಲುವೆಯಲ್ಲಿ ಹಡಗು ಬಂದು, ರಸ್ತೆಯ ತಿರುಗುಸೇತುವೆ ತೆರೆದುಕೊಂಡಾಗ ಕಾರಿನಲ್ಲೇ ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದೆವು. ನಾನು ಯಾರೆಂದು ತಿಳಿದ ಮೇಲೂ ಬಾಗಿಲು ಪೂರ್ತಿ ತೆರೆಯದವರು ಇಬ್ಬರೋ ಮೂವರೋ ಇದ್ದರು. ಮಿಕ್ಕವರು ಒಳಗೆ ಕರೆದರು. ಎಷ್ಟು ಕಪ್ ಚಹಾ ಕುಡಿದೆನೋ ಲೆಕ್ಕವಿಲ್ಲ.

ಒಂದು ಮನೆ ಚೆನ್ನಾಗಿ ನೆನಪಿದೆ. ಹಿಂದೆ ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡುತ್ತಿದ್ದ ಒಬ್ಬ ವೃದ್ಧರು. ಬಾಗಿಲು ತೆರೆದ ಕೂಡಲೇ, "ನಿಮ್ಮ ಸಮಯ ಹಾಳು ಮಾಡಬೇಡಿ. ನಾನು ಆ ಸೇನೆಯವರಿಗೆ ಮಾತು ಕೊಟ್ಟಾಗಿದೆ," ಎಂದರು.

"ಕೊಟ್ಟ ಮಾತು ಉಳಿಸಿಕೊಳ್ಳಿ. ಅವರು ಸೋತರೆ ಮುಂದಿನ ಸುತ್ತಿನಲ್ಲಿ ನನ್ನನ್ನು ಯೋಚಿಸಿ. ಅಷ್ಟೇ ಕೇಳಲು ಬಂದೆ."

"ಹೀಗೆ ಯಾರೂ ಕೇಳಲಿಲ್ಲ," ಎಂದು ಒಳಗೆ ಕರೆದರು. ಒಂದು ಗಂಟೆ ಮಾತಾಡಿದ್ದೆಲ್ಲ ರೈಲ್ವೆ ಸಿಗ್ನಲ್‌ಗಳ ಬಗ್ಗೆ. ಒಂದು ಸಿಗ್ನಲ್ ಕೆಟ್ಟರೆ ತಾನಾಗಿ ಕೆಂಪಾಗಬೇಕೇ ಹೊರತು ಹಸಿರಾಗಬಾರದು ಎಂದು ಅವರು ವಿವರಿಸಿದರು. ನನ್ನ ಕಚೇರಿಯಲ್ಲೂ ನಾವು ಹೇಳುವುದು ಅದನ್ನೇ ಎಂದಾಗ ಬಹಳ ಖುಷಿಪಟ್ಟರು. ರಾಜಕೀಯದ ಮಾತೇ ಬರಲಿಲ್ಲ.

ಸಭೆ ನಡೆದದ್ದು ಒಂದು ಕ್ರಿಕೆಟ್ ಕ್ಲಬ್ಬಿನ ಹಾಲಿನಲ್ಲಿ. ಕುರ್ಚಿಗಳೆಲ್ಲ ತುಂಬಿ ಹಿಂದೆ ಜನ ನಿಂತಿದ್ದರು. ನಾನು ಕಡುನೀಲಿ ಇಳಕಲ್ ಸೀರೆ ಉಟ್ಟಿದ್ದೆ. ಸೂಟ್ ಹಾಕಿಕೊಳ್ಳುವುದೇ ಒಳ್ಳೆಯದು ಎಂದು ಇಬ್ಬರು ಸಲಹೆ ಕೊಟ್ಟಿದ್ದರು. ಕೇಳಿಸಿಕೊಂಡು ಸೀರೆಯನ್ನೇ ಉಟ್ಟೆ. ಚೀಟಿ ಎತ್ತಿದಾಗ ಮಾತಿನ ಸರದಿಯಲ್ಲಿ ನಾನು ಕೊನೆಯವಳು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬಾರದೆಂದು ನಮ್ಮನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದ್ದರು. ವಕೀಲ ಹೋಗಿ ಬಂದಾಗ ಗೋಡೆಯಾಚೆ ದೊಡ್ಡ ಚಪ್ಪಾಳೆ. ಆದರೆ ಒಳಗೆ ಕುಳಿತವರಲ್ಲಿ ಬಹುಪಾಲು ಜನರ ಮನೆಯ ಚಹಾ ಕುಡಿದಿದ್ದೆ. ಅವರೆದುರು ಹೆದರುವುದಕ್ಕೆ ಕಾರಣ ಸಿಗಲಿಲ್ಲ.

ಭಾಷಣ ಸರಾಗವಾಗಿ ಹೋಯಿತು, ದೊಡ್ಡ ಪದಗಳಿಲ್ಲದೆ. ಪ್ರಶ್ನೆಗಳ ಹೊತ್ತಿಗೆ ಮುಂದಿನ ಸಾಲಿನ ಒಬ್ಬ ಗಂಡಸು ಎದ್ದು ನಿಂತ.

"ಹೊರಗಿನಿಂದ ಬರುವವರನ್ನು ಕಡಿಮೆ ಮಾಡಬೇಕು ಎನ್ನುವುದು ನಮ್ಮ ನಿಲುವು. ನೀವೇ ಹೊರಗಿನಿಂದ ಬಂದವರು. ನಿಮ್ಮಂಥವರಿಗೆ ಬಾಗಿಲು ಹಾಕಿ ಎಂದರೆ ಹಾಕುತ್ತೀರಾ?"

ಅಕ್ಕ ಈ ಪ್ರಶ್ನೆಯನ್ನು ನಾಲ್ಕು ಬಗೆಯಲ್ಲಿ ಕೇಳಿದ್ದರು, ನಾಲ್ಕೂ ಸಲ ನನ್ನ ಉತ್ತರಕ್ಕೆ ಚಮಚ ಕುಟ್ಟಿದ್ದರು. ಅಲ್ಲಿ ನಿಂತಾಗ ಆ ಯಾವ ಉತ್ತರವೂ ಬೇಕೆನಿಸಲಿಲ್ಲ.

"ನಿಯಮ ಬಿಗಿಯಾಗಿರಬೇಕು ಎಂದು ನಾನೂ ನಂಬುತ್ತೇನೆ," ಎಂದೆ. "ನಾನು ಎಲ್ಲ ಕಾಗದ ತುಂಬಿ, ಸಾಲಿನಲ್ಲಿ ನಿಂತು ಬಂದೆ. ಎಷ್ಟು ಜನ ಬರಬೇಕು ಎಂದು ತೀರ್ಮಾನಿಸುವ ಹಕ್ಕು ಈ ದೇಶಕ್ಕಿದೆ. ಆ ಸಂಖ್ಯೆ ಕಡಿಮೆಯಾಗಬೇಕು ಎಂದು ನೀವು ಹೇಳಿದರೆ ಪಾರ್ಲಿಮೆಂಟಿನಲ್ಲಿ ಅದನ್ನು ಹೇಳುತ್ತೇನೆ. ಆದರೆ ನಿಯಮದ ಪ್ರಕಾರ ಬಂದು, ದುಡಿದು, ನಿಮ್ಮ ಪಕ್ಕದ ಮನೆಯಲ್ಲಿ ಬಾಳುತ್ತಿರುವವರನ್ನು ಯಾರಾದರೂ ಹೀಗಳೆದರೆ, ಅವರು ನಮ್ಮ ಪಕ್ಷದವರೇ ಆದರೂ, ನಾನು ಸುಮ್ಮನಿರುವುದಿಲ್ಲ. ಇದು ಒಪ್ಪಿಗೆಯಿಲ್ಲದಿದ್ದರೆ ನನಗೆ ಮತ ಹಾಕಬೇಡಿ."

ಚಪ್ಪಾಳೆ ತಕ್ಷಣ ಬರಲಿಲ್ಲ. ಮೊದಲು ಹಿಂದೆ ಎಲ್ಲೋ ಒಬ್ಬರು ತಟ್ಟಿದರು, ಆಮೇಲೆ ಹಲವರು. ಪ್ರಶ್ನೆ ಕೇಳಿದಾತ ಚಪ್ಪಾಳೆ ತಟ್ಟಲಿಲ್ಲ. ತಲೆಯಾಡಿಸಿ ಕುಳಿತ.

ಮೊದಲ ಸುತ್ತಿನಲ್ಲಿ ವಕೀಲ ಮುಂದೆ, ನಾನು ಮೂರನೆಯವಳು. ಒಬ್ಬ ಕೌನ್ಸಿಲರ್ ಹೊರಬಿದ್ದರು. ಎರಡನೆಯ ಸುತ್ತಿನಲ್ಲಿ ಸೇನಾಧಿಕಾರಿ ಹೊರಬಿದ್ದರು, ನಾನು ಎರಡನೆಯ ಸ್ಥಾನಕ್ಕೆ ಬಂದೆ. ಮೂರನೆಯದರಲ್ಲಿ ಇನ್ನೊಬ್ಬ ಕೌನ್ಸಿಲರ್ ಹೋದರು. ಪ್ರತಿ ಸುತ್ತಿನಲ್ಲೂ ವಕೀಲನ ಮತ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಏರುತ್ತ ಬಂದದ್ದು ನನ್ನದು. ಕೊನೆಯ ಎಣಿಕೆ ಮುಗಿದ ಮೇಲೆ ಅಧ್ಯಕ್ಷೆ ಪಕ್ಕದ ಕೋಣೆಗೆ ಬಂದು ಇಬ್ಬರನ್ನೂ ನೋಡಿ, ನನ್ನ ಹೆಸರು ಹೇಳಿದರು. ಹನ್ನೊಂದು ಮತಗಳ ಅಂತರ. ವಕೀಲ ಎದ್ದು ಬಂದು ಕೈ ಕುಲುಕಿದ. "ನೀವು ಎಲ್ಲರ ಮನೆಗೂ ಹೋಗಿದ್ದಿರಂತೆ. ನಾನು ಇಮೇಲ್ ಮಾಡಿದ್ದೆ," ಎಂದ. ಒಳ್ಳೆಯ ಹುಡುಗ. ಆಮೇಲೆ ನನ್ನ ಚುನಾವಣಾ ಪ್ರಚಾರಕ್ಕೆ ಎರಡು ದಿನ ಬಂದು ದುಡಿದ.

ಹಾಲಿನೊಳಗೆ ಹೋದಾಗ ಗಂಡ ಹಿಂದಿನ ಗೋಡೆಗೆ ಒರಗಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಸಿಗ್ನಲ್ ಕೆಲಸದ ವೃದ್ಧರು ನಿಧಾನವಾಗಿ ನಡೆದು ಬಂದು, "ಮೊದಲು ಅವರಿಗೆ ಹಾಕಿದೆ, ಆಮೇಲೆ ನಿಮಗೆ. ಮಾತು ಎರಡೂ ಕಡೆ ಉಳಿಯಿತು," ಎಂದರು.

ಅಕ್ಕನ ಮನೆಗೆ ಹೋಗಿ ಹೇಳಿದಾಗ ತಬ್ಬಿಕೊಂಡು ಬೆನ್ನು ತಟ್ಟಿದರು. ಕೂಡಲೇ ದೂರ ಸರಿದು ನಿಂತು, "ಖರೇ ಚುನಾವಣಿಯೊಳಗ ನನ್ನ ಓಟ್ ನಿನಗ ಸಿಗೂದಿಲ್ಲ ನೋಡವಾ. ಮದಲ ಹೇಳಿಬಿಡ್ತೀನಿ," ಎಂದರು. "ಗೊತ್ತೈತ್ರಿ ಅಕ್ಕಾರ," ಎಂದೆ. ಇಬ್ಬರೂ ನಕ್ಕೆವು.

ಚುನಾವಣೆಯಲ್ಲಿ ನಾನು ಸೋತೆ. ಆ ವರ್ಷ ಗಾಳಿ ನಮ್ಮ ಪಕ್ಷದ ಕಡೆ ಬೀಸುತ್ತಿರಲಿಲ್ಲ. ಅಂತರ ಮಾತ್ರ ಜನ ಹೆದರಿದ್ದಷ್ಟು ದೊಡ್ಡದಾಗಲಿಲ್ಲ. ಗೆದ್ದವರಿಗೆ ಶುಭ ಹೇಳಿ, ವೇದಿಕೆಯ ಮೇಲೆ ನಿಂತು ನನ್ನ ಜೊತೆ ನಡೆದವರಿಗೆಲ್ಲ ಕೃತಜ್ಞತೆ ಹೇಳಿದೆ. ಸೋಮವಾರ ಬರ್ಚ್‌ವುಡ್‌ಗೆ ಹೋಗಿ ನನ್ನ ಮೇಜಿನ ಮುಂದೆ ಕುಳಿತೆ. ಮಧ್ಯಾಹ್ನ ಊಟದ ಹೊತ್ತಿಗೆ ಅಧ್ಯಕ್ಷೆಯ ಫೋನ್. ಮುಂದಿನ ಮೇ ತಿಂಗಳಿಗೆ ನಮ್ಮ ವಾರ್ಡಿನ ಕೌನ್ಸಿಲ್ ಸೀಟು ಖಾಲಿಯಾಗುತ್ತದೆ, ನಿಲ್ಲುತ್ತೀರಾ ಎಂದು ಕೇಳಿದರು. ಬಾಯಲ್ಲಿದ್ದ ತುತ್ತು ನುಂಗಿ, "ಫಾರಂ ಕಳಿಸಿ," ಎಂದೆ.