ಅಂಚಿನಲ್ಲಿ ಉಳಿದದ್ದು

ಭಾಗ್ಯ, ನಿನ್ನ ಹೆಗಲಿನ ಗಂಟು ಮತ್ತೆ ಬರುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ — ಒಡಹುಟ್ಟಿದ ಅಕ್ಕ ನಾನು.

ಪೀಣ್ಯದ ನರ್ಸಿಂಗ್ ಹೋಮಿನಲ್ಲಿ ಅದನ್ನು ಕೊಬ್ಬಿನ ಗಂಟು ಎಂದೇ ತೆಗೆದಿದ್ದರು. ಪರೀಕ್ಷೆಯ ಫಲಿತಾಂಶ ಕೇಳಿ ಬರಲು ನಿನಗೆ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ. ಟೈಲರಿಂಗ್ ಅಂಗಡಿಗೆ ಬೀಗ ಹಾಕಿ ನಾನೇ ಹೋದೆ. ಡಾಕ್ಟರು ಕೂರಿಸಿ ಹೇಳಿದರು: ಇದು ಚರ್ಮದ ಕ್ಯಾನ್ಸರು, ಅಪರೂಪದ್ದು. ಬೇರೆ ಕಡೆ ಹರಡುವುದು ಕಡಿಮೆ, ಆದರೆ ಇದ್ದಲ್ಲೇ ಮರಳಿ ಬರುವ ಸ್ವಭಾವ. ತೆಗೆದ ಗಂಟಿನ ಅಂಚಿನವರೆಗೂ ರೋಗ ಕಾಣುತ್ತಿದೆ, ಅಂದರೆ ಮೈಯೊಳಗೂ ಉಳಿದಿದೆ. ಸುತ್ತಲಿನ ಒಳ್ಳೆಯ ಚರ್ಮವನ್ನೂ ಸೇರಿಸಿ ಅಗಲವಾಗಿ ತೆಗೆಯಬೇಕು, ತೊಡೆಯ ಚರ್ಮ ತಂದು ಮುಚ್ಚಬೇಕು. "ಬಿಟ್ರೆ ಮತ್ತೆ ಬರುತ್ತಮ್ಮ, ಆಗ ಇನ್ನೂ ಆಳಕ್ಕೆ ಹೋಗಿರುತ್ತೆ," ಎಂದರು.

ನಿನ್ನ ಮದುವೆಯ ಬ್ಲೌಸು ಆಗ ನನ್ನ ಮೆಷಿನ್ನಿನ ಮೇಲಿತ್ತು. ಹುಡುಗನ ಅತ್ತಿಗೆ ಕೇಳಿದ ಹಾಗೆ ಬೆನ್ನಿನ ಕಡೆ ಆಳವಾಗಿ ಕತ್ತರಿಸಿದ್ದೆ. ಆ ಮನೆಯವರೆಲ್ಲ ನನ್ನ ಗಿರಾಕಿಗಳು, ಸಂಬಂಧ ಕುದುರಿಸಿದವಳೂ ನಾನೇ. ಹೆಗಲಲ್ಲಿ ಅಂಗೈಯಗಲ ಹಳ್ಳ ಬಿದ್ದ ಹುಡುಗಿ — ಅದೂ ಕ್ಯಾನ್ಸರ್ ಅಂದರೆ... ನಿನ್ನ ಬಾಳಿನ ಚಿಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಓಣಿಯಲ್ಲಿ ನನ್ನ ಮಾತಿಗೆ ಬೆಲೆ ಹೋಗುತ್ತದೆಂಬ ಭಯ ಅದು. ಸಂಜೆ ಶಿಫ್ಟ್ ಮುಗಿಸಿ ಬಂದ ನೀನು ಚಪ್ಪಲಿ ಬಿಡುತ್ತಲೇ ಏನಂದರು ಎಂದು ಕೇಳಿದೆ.

"ಬರೀ ಕೊಬ್ಬಿನ ಗಂಟಂತೆ ಕಣೇ. ಪೂರ್ತಿ ತೆಗ್ದಿದಾರಂತೆ," ಎಂದೆ.

ನೀನು ನಕ್ಕೆ. ನೀನೇ ಒಳಗೆ ಹೋಗಿ ಇಬ್ಬರಿಗೂ ಕಾಫಿ ಮಾಡಿಕೊಂಡು ಬಂದೆ.

ಮದುವೆಯಾದ ಮೇಲೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ನೀನು ಬಸುರಿ — ಈಗ ಬೇಡ ಎಂದುಕೊಂಡೆ. ಆಮೇಲೆ ಬಾಣಂತನ. ಆಮೇಲೆ... ನೆಪಗಳಿಗೇನು ಬರವೇ. ಹೊಲಿಗೆ ಹಾಕಿದ ಜಾಗ ಗಟ್ಟಿಯಾಗುತ್ತಿದೆ ಎಂದು ನೀನು ತೋರಿಸಿದಾಗಲೂ ಎಣ್ಣೆ ಹಚ್ಚು ಎಂದೆನಲ್ಲ, ನನ್ನ ನಾಲಿಗೆಗೆ ಹುಳ ಬೀಳಲಿ.

ಹೋದ ವಾರ ದೊಡ್ಡಾಸ್ಪತ್ರೆಯ ಡಾಕ್ಟರು, ಮೊದಲ ಆಪರೇಷನ್ ಆದಮೇಲೆ ಏನು ಹೇಳಿದ್ದರು ಎಂದು ಕೇಳಿದರು. ನೀನು ನನ್ನ ಕಡೆ ತಿರುಗಿದೆ. ಕೊಬ್ಬಿನ ಗಂಟು ಅಂದಿದ್ದರು, ಬೇರೇನೂ ಹೇಳಿರಲಿಲ್ಲ ಎಂದೆ ನಾನು — ಅಲ್ಲೂ, ಅವರ ಎದುರಿಗೇ. ಈಗ ಅದು ಮಾಂಸಕ್ಕೆ ಇಳಿದಿದೆಯಂತೆ. ತೆಗೆದ ಮೇಲೆ ಬಲಗೈ ಮೇಲೆತ್ತಲು ಆಗುತ್ತದೋ ಇಲ್ಲವೋ ಹೇಳಲಾಗದಂತೆ.

ಹೊರಗೆ ಬೆಂಚಿನ ಮೇಲೆ ಕೂತು ನೀನು ಆಡಿದ ಮಾತು ನನ್ನನ್ನು ಸುಡುತ್ತಿದೆ.

"ಪಾಪುನ ಯಾವಾಗ್ಲೂ ಇದೇ ಹೆಗಲ ಮೇಲೆ ಹಾಕ್ಕೋತಿದ್ದೆ ಅಲ್ವಾ ಅಕ್ಕ, ಅದಕ್ಕೇ ಮತ್ತೆ ಬಂತು. ನಂದೇ ತಪ್ಪು."

ನಾನು ಹೂಂ ಎಂದೆ. ಅಂದಿನಿಂದ ನೀನು ಮಗಳನ್ನು ಎತ್ತಿಕೊಂಡಿಲ್ಲ. ಅವಳು ನಿನ್ನ ಕಾಲು ತಬ್ಬಿಕೊಂಡು ಅತ್ತರೂ ದೂರ ಸರಿಸುತ್ತೀಯ.

ಇದನ್ನು ನಿನ್ನ ಗಂಡನಿಗೂ ಹೇಳುತ್ತೇನೆ, ಡಾಕ್ಟರಿಗೂ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೆ ಭಾಗ್ಯ, ಮಗಳನ್ನು ಎತ್ತಿಕೊಂಡದ್ದರಿಂದ ಏನೂ ಆಗಲಿಲ್ಲ. ಕೈ ಇನ್ನೂ ಏಳುತ್ತಿರುವಾಗಲೇ ಅವಳನ್ನು ಎತ್ತಿಕೋ.