ಹೆಸರಿಡದ ಕರು

ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ ದುಡಿದು ತಿಂದವನು. ಚಳ್ಳಕೆರೆಯಲ್ಲಿ ಓಡಿಸುವ ಗೂಡ್ಸ್ ಗಾಡಿ ನನ್ನದೇ. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುತ್ತಿದ್ದೆ. ಈಗಲೂ ಹಾಗೇ ಇದ್ದೇನೆ, ಆ ಒಂದು ಸಂಜೆಯನ್ನು ಬಿಟ್ಟು.

ರಸ್ತೆಯಲ್ಲಿ ಪೆಟ್ಟು ತಿಂದ ದನಗಳನ್ನು ಗಾಡಿಗೆ ಹಾಕಿಕೊಂಡು ದನದ ಆಸ್ಪತ್ರೆಗೆ ಮುಟ್ಟಿಸುವುದು ನಾನಾಗಿಯೇ ಮೈಮೇಲೆ ಎಳೆದುಕೊಂಡ ಕೆಲಸ. ಉಳಿಯದವನ್ನು, ಮೊದಲು ಊರ ದನ ಮೇಯುತ್ತಿದ್ದ ವರವು ಕಾವಲೆಂಬ ಹುಲ್ಲುಗಾವಲಿನ ಸುತ್ತ ಸರ್ಕಾರ ಎಬ್ಬಿಸಿದ ಗೋಡೆಗೆ ಹತ್ತಿದ ನನ್ನ ಹೊಲದ ಮೂಲೆಯಲ್ಲಿ ಹೂಳುತ್ತಿದ್ದೆ. ನಮ್ಮ ಕಡೆ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾರೆ. ಅದನ್ನು ಕಂಡು ಬೆಳೆದ ನಮ್ಮವ್ವನದು ಒಂದೇ ಹಟ. "ಯಾರದೋ ದನ ಇರ್ಲಿ, ಹೆಸರಿಲ್ದಂಗೆ ಮಣ್ಣಿಗೆ ಕಳಿಸಬ್ಯಾಡ ಕಣಪ್ಪ." ಹಾಗಾಗಿ ಗುಂಡಿಗೆ ಇಳಿಸುವ ಮೊದಲು ಕಿವಿಯಲ್ಲಿ ಒಂದು ಹೆಸರು ಹೇಳುತ್ತಿದ್ದೆ. ಕೆಂದ, ಮಲ್ಲಿ, ಚುಕ್ಕಿ, ಕರಿಯ.

ಹೆಸರಿಟ್ಟರೆ ಮರೆಯಲು ಆಗುವುದಿಲ್ಲ ಎಂಬುದು ಅವ್ವನಿಗೆ ಗೊತ್ತಿರಲಿಲ್ಲ. ಗಾಡಿ ಓಡಿಸುವಾಗ ಅವೇ ಹೆಸರು, ಉಣ್ಣಲು ಕೂತರೆ ಅವೇ ಕಣ್ಣು. ಯಾರಿಗೂ ಹೇಳಲಿಲ್ಲ. ದನಕ್ಕೆ ಅಳುವ ಗಂಡಸು ಎನ್ನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಕೊಂಡ್ಲಹಳ್ಳಿಯಲ್ಲಿ ಕರುವೊಂದಕ್ಕೆ ಪೆಟ್ಟಾಗಿದೆ ಎಂದು ಫೋನ್ ಬಂದಾಗ ಗಾಡಿಯಲ್ಲಿ ಈರುಳ್ಳಿ ಲೋಡಿತ್ತು. ಪೂರ್ತಿ ಇಳಿಸಿ ಮುಗಿಸಿದ ಮೇಲೇ ಹೊರಟೆ. ಎತ್ತಿಕೊಂಡಾಗ ಅದು ನನ್ನ ಅಂಗೈ ನೆಕ್ಕಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಯಿತು. "ಸ್ವಲ್ಪ ಮುಂಚೆ ಬಂದಿದ್ರೆ" ಎಂದ ಡಾಕ್ಟರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಅದಕ್ಕೆ ಹೆಸರಿಡಲು ನನಗೆ ಬಾಯಿ ಬರಲಿಲ್ಲ. ಇದೇ ಕೊನೆ, ಇನ್ನು ಯಾರು ಕರೆದರೂ ಹೋಗುವುದಿಲ್ಲ ಎಂದುಕೊಂಡು ಮಣ್ಣು ಮುಚ್ಚಿದೆ.

ಮೂರನೇ ದಿನ ಸಂಜೆ ಹೊಲದಲ್ಲಿ ಬಿಟ್ಟಿದ್ದ ಗುದ್ದಲಿ, ಸಲಿಕೆ ತರಲು ಹೋದೆ. ಗುಂಡಿ ತೋಡಲು ಬರುತ್ತಿದ್ದ ಗೆಳೆಯ ತಿಪ್ಪೇಸ್ವಾಮಿಯೂ ಜೊತೆಗಿದ್ದ. ಕೆಲಸ ಬಿಟ್ಟೆ ಎಂದಾಗ ಅವನು ನಕ್ಕ.

"ಲೇ, ಊರ ದನಕ್ಕೆಲ್ಲ ಅಪ್ಪ ಆಗಿದ್ದೆ, ಈಗ ಮಕ್ಕಳನ್ನ ಬಿಟ್ಟು ಓಡ್ತೀಯಾ? ಹೋಗೋದಾದ್ರೆ ಅವಕ್ಕೊಂದು ಮಾತು ಹೇಳಿ ಹೋಗು."

ಅವನಿಗದು ತಮಾಷೆ. ನಾನು ಮಾತ್ರ ಹಟ್ಟಿಗೆ ದನ ಕರೆಯುವ ಹಾಗೆ "ಕೆಂದಾ" ಎಂದು ಕೂಗಿದೆ.

ಗೋಡೆಯಾಚೆಯಿಂದ ಎತ್ತೊಂದು ಓಗೊಟ್ಟಿತು. ಮಲ್ಲಿ ಎಂದೆ. ಬೇರೆ ದನಿ, ತೆಳ್ಳಗೆ. ಚುಕ್ಕಿ ಎಂದೆ. ಅದೂ ಬೇರೆ. ಕರೆದ ಒಂದೊಂದಕ್ಕೂ ಒಂದೊಂದು ದನಿ. ಕರೆಯದೆ ಒಂದೂ ಕೂಗಲಿಲ್ಲ. ನನಗೆ ಹೆದರಿಕೆಯಾಗಲಿಲ್ಲ. ಇಂಥ ಕಡೆ ಚಪ್ಪಲಿ ಮೆಟ್ಟಿ ನಿಂತಿದ್ದೇನಲ್ಲ ಎಂದಷ್ಟೇ ಅನ್ನಿಸಿತು. ಚಪ್ಪಲಿ ಬಿಟ್ಟೆ. ಹೆಸರುಗಳೆಲ್ಲ ಮುಗಿದಿದ್ದವು. ಹೊಸ ಮಣ್ಣಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಯಿಗೆ ಬಂದ ಹೆಸರು ಹೇಳಿದೆ. "ಪುಟ್ಟಾ." ದನಿಯಲ್ಲ, ಬರೀ ಉಸಿರು ಹೊರಟಿತು.

ಗೋಡೆಗೆ ತೀರ ಹತ್ತಿರದಿಂದ ಒಂದು ಕರು ಓಗೊಟ್ಟಿತು.

ತಿಪ್ಪೇಸ್ವಾಮಿ ಗಾಡಿಯ ಮೇಲೆ ಹತ್ತಿ ಆಚೆ ನೋಡಿದ. ಬೆಳಕು ಇನ್ನೂ ಇತ್ತು. ಇಳಿದು "ಹುಲ್ಲೈತೆ" ಎಂದ. ಮತ್ತೊಮ್ಮೆ ಹತ್ತಿ ನೋಡಿ "ಬರೀ ಹುಲ್ಲೈತೆ" ಎಂದ. ಗೋಡೆ ಎದ್ದ ಮೇಲೆ ಆ ಕಡೆ ಯಾರೂ ದನ ಬಿಡುವುದಿಲ್ಲ. ನನ್ನ ದನಿಯೇ ಬಡಿದು ಬಂತು ಎನ್ನೋಣವೆಂದರೆ, ಕೊನೆಯ ಹೆಸರು ಪಕ್ಕದಲ್ಲಿದ್ದ ಅವನಿಗೇ ಕೇಳಿಸಿರಲಿಲ್ಲ. ಕರುವಿನ ಕೂಗು ಮಾತ್ರ ಅವನಿಗೂ ಕೇಳಿಸಿತ್ತು.

ಅವ್ವನಿಗೆ ಹೇಳಿದೆ. ಮುದ್ದೆ ತಿರುವುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ಕರೆದ್ರೆ ಓಗೊಡ್ದೆ ಇರ್ತಾವಾ?"

ಮರುದಿನ ಮೊಳಕಾಲ್ಮೂರು ರಸ್ತೆಯಿಂದ ಫೋನ್ ಬಂತು. ಗಾಡಿ ತುಂಬ ಮೂಟೆಗಳಿದ್ದವು. ಅರ್ಧದಷ್ಟನ್ನು ರಸ್ತೆ ಬದಿಗೇ ಇಳಿಸಿ ಹೋದೆ. ಆ ಹಸು ಉಳಿಯಿತು.

ವರ್ಷಗಳಾದವು. ಆಚೆ ಇದ್ದದ್ದು ಏನು ಎಂದು ನನಗೆ ಇವತ್ತಿಗೂ ತಿಳಿಯದು. ಈಗಲೂ ಹೂಳುವ ಮುಂಚೆ ಹೆಸರು ಹೇಳುತ್ತೇನೆ, ಕಿವಿಯಲ್ಲಿ, ಮೆಲ್ಲಗೆ. ಕೂಗಿ ಕರೆಯುವ ಧೈರ್ಯ ಮತ್ತೆ ಬಂದಿಲ್ಲ.